ಗಿಡ್ಡ ಕಾಲಿನ ಬಟನ್

ದಪ್ಪ ತೊಗಲಿಗೆ ಅದನ್ನು ತೂರಿ ಬರುವಷ್ಟು ಉದ್ದ ಕಾಲಿನ, ಬಿಗಿಯಾದ ಟಿಚ್ ಬಟನ್ನೇ ಆಗಬೇಕೆಂಬುದು ತೊಗಲಿನ ಚೀಲ ಹೊಲಿಯುವ ಅಪ್ಪನ ಹಟ. ಗಿಡ್ಡದ್ದು ಹಾಕಿದರೆ ಕಿತ್ತು ಬರುತ್ತದೆಂದು, ಜೊತೆಗೇ ಹೊಲಿಯುವ ಮಗಳ ಮೇಲೆ ಎಷ್ಟೋ ಸಲ ರೇಗಿದ್ದ. ಪಾರ್ಶ್ವವಾಯು ಬಡಿದ ಮೇಲೆ, ತಾನೇ ಮಾಡಿದ ಕನ್ನಡಕದ ಚೀಲದ ಬಿಗಿ ಬಟನ್ ಬಿಚ್ಚಲೂ ಅವನ ಕೈಯಲ್ಲಾಗಲಿಲ್ಲ. ಬಾಯಿಬಿಟ್ಟು ಕೇಳುವ ಜಾಯಮಾನ ಅವನದಲ್ಲ. ಪೇಪರ್ ಓದುವುದನ್ನೇ ಬಿಟ್ಟ.

ಮಗಳು ಅದೇ ದಪ್ಪ ತೊಗಲಿನಲ್ಲಿ ಹೊಸ ಚೀಲ ಹೊಲಿದಳು. ಬಟನ್ ಕೂರುವಷ್ಟು ಜಾಗವನ್ನು ಒಳಗಿನಿಂದ ಹೆರೆದು ತೆಳುವಾಗಿಸಿ, ಗಿಡ್ಡ ಕಾಲಿನ ಸಡಿಲ ಬಟನ್ ಬಡಿದು ಕೂರಿಸಿ, ಅಳತೆಗೆಂದು ತೆಗೆದಿದ್ದ ಅವನ ಕನ್ನಡಕದ ಜೊತೆ ಅಪ್ಪನ ಮುಂದಿಟ್ಟಳು.

ಅಪ್ಪ ಹೆರೆದ ಜಾಗವನ್ನು ಬೆರಳಿನಿಂದ ಸವರಿದ. "ಯಾರದಿದು?"

"ಒಬ್ಬ ಗಿರಾಕಿದು. ಬಿಗಿ ಬೇಡ ಅಂದ."

ಅಪ್ಪ ಹೆಬ್ಬೆರಳಿನಿಂದ ಎತ್ತಿದ, ಮುಚ್ಚಳ ತೆರೆದುಕೊಂಡಿತು.

"ಹಟಮಾರಿ ಗಿರಾಕಿ. ಆದ್ರೂ ಒಪ್ಪಿದ ಅಂತ ಇಟ್ಕೋ," ಎಂದು ತನ್ನ ಕನ್ನಡಕವನ್ನು ಅದರೊಳಗೆ ಇಳಿಸಿದ.