ಮೊಣಕಾಲ ಕೆಳಗಿನ ಗಾಯಗಳು

ಕಾಲಿಗೆ ಜಾಲಿಮುಳ್ಳು ಚುಚ್ಚಿದೆ ಎಂದು ಸಣ್ಣವ್ವ ಹೇಳಿದಾಗ ಡಾಕ್ಟರ್ ನಿಲೋಫರ ನಂಬಲಿಲ್ಲ. ರೋಣದ ದವಾಖಾನೆಗೆ ಬಂದ ಮೇಲೆ ಇಂಥ ಮುಳ್ಳುಗಳನ್ನು ಆಕೆ ಬಹಳ ನೋಡಿದ್ದಳು. ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಹಂದಿಗಳು ಗುಡ್ಡ ಇಳಿಯುತ್ತವೆ. ಹೊಲದ ಸಾಹುಕಾರರು ಕಾವಲಿನವನ ಕೈಗೆ ತಮ್ಮ ಬಂದೂಕು ಕೊಡುತ್ತಾರೆ. ಹಂದಿ ಗಿಡ್ಡ ಪ್ರಾಣಿ, ಗುರಿಯೂ ತಗ್ಗಿನಲ್ಲೇ. ಹಾಗಾಗಿ ಗುಂಡಿನ ಗಾಯಗಳೆಲ್ಲ ಮೊಣಕಾಲ ಕೆಳಗೆ, ಗಾಯಗೊಂಡವರೆಲ್ಲ ಕೂಲಿಯವರು. ಲೈಸೆನ್ಸ್ ಇದ್ದವರ ಮನೆಯಿಂದ ಒಬ್ಬರೂ ಬಂದಿರಲಿಲ್ಲ.

ಸುತ್ತಿದ್ದ ಹಳೆ ಸೀರೆಯ ತುಂಡು ಬಿಚ್ಚುತ್ತಲೇ ನಾತ ಕೋಣೆ ತುಂಬಿತು. ಪಾದ ಕಪ್ಪಾಗಿತ್ತು.

"ಯಾವಾಗ ಆಗಿದ್ದಿದು?"

"ವಾರ ಆತ್ರಿ ಡಾಕ್ಟರ್ ಬಾಯಾರ."

"ಅವತ್ತ ಯಾಕ ಬರಲಿಲ್ಲ ಯವ್ವಾ?"

ಸಣ್ಣವ್ವ ಬಾಗಿಲಾಚೆ ತಲೆ ತಗ್ಗಿಸಿ ಕುಂತಿದ್ದ ಗಂಡ ಪರಶಪ್ಪನ ಕಡೆ ನೋಡಿದಳು. "ಬಂದ್ರ ಪೊಲೀಸರಿಗೆ ಹೇಳ್ತೀರಿ. ಹೋದ ವರ್ಸ ಹೇಳಿದ್ರಿ, ಕಾವಲಿನಾವ ಒಳಗ ಹೋದ. ಬಂದೂಕು ಕಳುವಾಗಿತ್ತು ಅಂದು ಸಾಹುಕಾರ ಪಾರಾದ. ಈ ಸಲ ಕಾವಲಿಗಿದ್ದಾವ ನನ್ನ ಗಂಡರಿ. ನಾನು ಬುತ್ತಿ ತಗೊಂಡು ಹೊಂಟಿದ್ದೆ. ಜ್ವಾಳ ಅಳ್ಳಾಡಿತು, ಹಂದಿ ಅಂದ್ಕೊಂಡ."

ನಿಲೋಫರಳಿಗೆ ಸಿಟ್ಟು ಮಾಡುವಷ್ಟು ತ್ರಾಣ ಉಳಿದಿರಲಿಲ್ಲ. ಈ ವರ್ಷ ಗುಂಡೇಟು ಕಡಿಮೆಯಾಗಿವೆ ಎಂದು ಮೊನ್ನೆಯ ಮೀಟಿಂಗಿನಲ್ಲಿ ಮೇಲಿನವರು ಖುಷಿಪಟ್ಟಿದ್ದರು. ಕಡಿಮೆಯಾದದ್ದು ದವಾಖಾನೆಗೆ ಬರುವವರು ಎಂದು ಆಕೆಗೆ ಈಗ ತಿಳಿಯಿತು.

"ಗುಂಡೇಟಂದ್ರ ನಾ ಹೇಳಾಕಬೇಕವ್ವಾ, ಕಾಯ್ದೆ ಐತಿ. ಆದ್ರ ಬಂದೂಕು ಯಾರು ಕೊಟ್ರು ಅನ್ನೂದನ್ನ ನೀವು ಮುಚ್ಚಿಡಬ್ಯಾಡ್ರಿ."

ಪರಶಪ್ಪ ಎದ್ದು ಒಳಗೆ ಬಂದ. "ಹೇಳ್ತೇನ್ರಿ. ಮೊದಲ ಆಕಿ ಕಾಲು ನೋಡ್ರಿ."

ಗದಗಿನ ದೊಡ್ಡ ದವಾಖಾನೆಯಲ್ಲಿ ಸಣ್ಣವ್ವನ ಕಾಲು ತೆಗೆದರು. ಪರಶಪ್ಪ ಹೇಳಿದ್ದನ್ನು ಪೊಲೀಸರು ಬರೆದುಕೊಂಡರು. ಸಾಹುಕಾರನ ಲೈಸೆನ್ಸ್ ರದ್ದಾಯಿತು. ಜೈಲು ಕಂಡು ಜಾಮೀನಿನ ಮೇಲೆ ಬಂದವನು ಮಾತ್ರ ಪರಶಪ್ಪನೇ. ಆ ಹೊಲಕ್ಕೆ ಸಾಹುಕಾರನ ತಮ್ಮನ ಬಂದೂಕು ಬಂತು.

ಮರುವರ್ಷ ಒಂದು ಮಧ್ಯಾಹ್ನ, ಊಟಕ್ಕೆಂದು ಏಳುತ್ತಿದ್ದ ನಿಲೋಫರಳೆದುರು ಸಣ್ಣವ್ವ ಬಗಲಿಗೆ ಕೋಲು ಊರಿಕೊಂಡು ನಿಂತಳು. ಹಿಂದೆ ಜಕ್ಕಲಿಯ ಕೂಲಿ ಹೆಣ್ಣುಮಗಳು ದುರ್ಗಾ. ಆಕೆಯ ಮೀನಖಂಡದಿಂದ ರಕ್ತ ಸೋರುತ್ತಿತ್ತು.

"ಬರಾಕ ಒಲ್ಲೆ ಅಂದ್ಳರಿ. ಬೈದು ಟಂಟಂ ಗಾಡ್ಯಾಗ ಹಾಕ್ಕೊಂಡು ಬಂದೆ. ಈಗಷ್ಟ ಆಗೇತಿ, ಲಗೂ ನೋಡ್ರಿ."

ಬಂದೂಕಿನ ಸೀಸದ ಕಾಳುಗಳನ್ನು ಒಂದೊಂದಾಗಿ ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಕಾಲು ಉಳಿಯುತ್ತದೆ ಎಂದಾಗ ದುರ್ಗಾ ಅತ್ತಳು, ಸಣ್ಣವ್ವ ಆಕೆಯ ತಲೆ ಸವರಿದಳು. ನಿಲೋಫರ ಕೈ ತೊಳೆದುಕೊಂಡು ಠಾಣೆಗೆ ಫೋನು ಹಚ್ಚಿದಳು.

"ಮತ್ತ ಗುಂಡೇಟೇನ್ರಿ ಮೇಡಂ?" ಎಂದಿತು ಆ ಕಡೆಯ ದನಿ.