ಗಂಟುಮೋರೆ ಹೇಳಿದ್ದು

ಪಕ್ಕದ ಬಾಗಿಲ ಹತ್ತಿರ ಏನೋ ಮಿನುಗಿತು, ಯಾರದೋ ಬಳೆಯಿರಬೇಕು, ಅಲ್ಲ, ಬಳೆ ಅಷ್ಟು ಹೊತ್ತು ಒಂದೇ ಕಡೆ ನಿಲ್ಲುವುದಿಲ್ಲ, ನೋಡಬಾರದು, ವೇದಿಕೆ ನೋಡಬೇಕು, ಶಾಲೆಯ ನಾಟಕದಲ್ಲಿ ಮಗಳು ಬರುವ ಹೊತ್ತಾಯಿತು, ಇವತ್ತೊಂದಿನ ನೀನು ಬರೀ ಅಮ್ಮ ಆಗಿರು ಅಂದಿದ್ದಳು ಬೆಳಿಗ್ಗೆ, ಹಲ್ಲುಜ್ಜುತ್ತಾ, ಬಾಯಿ ತುಂಬ ನೊರೆ, ಯೂನಿಫಾರ್ಮಲ್ಲಿ ಬರಬೇಡ, ಬಾಗಿಲು ಎಣಿಸಬೇಡ, ಯಾರ ಹತ್ರಾನೂ ಜಗಳ ಆಡಬೇಡ, ಮೂರಕ್ಕೂ ಹೂಂ ಅಂದೆ, ಮೊದಲನೆಯದನ್ನು ಆಗಲೇ ಮುರಿದಿದ್ದೇನೆ — ಅಗ್ನಿಶಾಮಕ ಠಾಣೆಯಿಂದ ನೇರ ಖಾಕಿಯಲ್ಲೇ ಬಂದೆ, ಪರದೆಯ ಸಂದಿಯಿಂದ ಇಣುಕಿದವಳು ನನ್ನನ್ನು ನೋಡಿ ತಟ್ಟನೆ ಹಿಂದೆ ಸರಿದಳು — ಎರಡನೆಯದೂ ಹೋಯಿತು, ಕೂರುವ ಮೊದಲೇ ಎಣಿಸಿಬಿಟ್ಟೆ, ಹಿಂದೊಂದು, ಪಕ್ಕದಲ್ಲೊಂದು, ಎರಡೂ ತೆರೆದಿದ್ದವು, ಎಲ್ಲಿಗೆ ಹೋದರೂ ಜನ ಜನರ ಮುಖ ನೋಡುತ್ತಾರೆ, ನಾನು ಬಾಗಿಲು ನೋಡುತ್ತೇನೆ, ಅದಕ್ಕೇ ಠಾಣೆಯಲ್ಲೂ ಮನೆಯಲ್ಲೂ ನನಗೆ ಗಂಟುಮೋರೆ ಅಂತ ಹೆಸರು, ಇಟ್ಟವನು ಗಂಡನೇ, ಪಕ್ಕದಲ್ಲಿ ಫೋನ್ ಎತ್ತಿ ಹಿಡಿದು ಕೂತಿದ್ದಾನೆ ಮಗಳ ದೃಶ್ಯ ಹಿಡಿಯಲು — ಸರಪಳಿ ಅದು. ಹಿಡಿಗಳಿಗೆ ಸರಪಳಿ ಸುತ್ತಿ ಬೀಗ ಜಡಿದಿದ್ದಾರೆ. ಜನ ತುಂಬಿದ ಮೇಲೆ ಜಡಿದಿದ್ದಾರೆ, ಪಾಸಿಲ್ಲದವರು ನುಗ್ಗಬಾರದಂತೆ, ನಾನೂರು ಜನ ಒಳಗೆ, ಅರ್ಧಕ್ಕರ್ಧ ಮಕ್ಕಳು, ವೇದಿಕೆಯ ಮೇಲೆ ಥರ್ಮೋಕೋಲಿನ ಮನೆ, ಅದಕ್ಕೆ ಮೂರು ಗೇಣು ದೂರದಲ್ಲಿ ಕಾದು ಕೆಂಪಾದ ದೀಪ, ಟೇಪು ಸುತ್ತಿದ ವೈರು, ಇದನ್ನೆಲ್ಲ ನೋಡಿಯೂ ಬರೀ ಅಮ್ಮ ಆಗಿರುವುದು ಹೇಗೆ, ಹೇಳಿಕೊಡಲಿ ಯಾರಾದರೂ.

ಈ ಕಥೆಯ ಸಿನಿಮಾ ನೋಡಿದಾಗ ನನಗೂ ಇವಳಷ್ಟೇ ವಯಸ್ಸು, ಎಂಟು, ಅಣ್ಣನ ಜೊತೆ, ಅದನ್ನೇ ಹೆಡ್‌ಮಿಸ್ ಈಗ ನಾಟಕ ಮಾಡಿಸಿದ್ದಾರೆ, ಹಳೇ ಗೊಂಬೆಯಾಟದ ಮನೆ, ಪಾಪದ ಗೊಂಬೆ ತಾತ, ಅದನ್ನು ಮುಚ್ಚಿಸಲು ಬರುವ ಖಾಕಿ ಸಾಹೇಬ, ಅವನೇ ಗಂಟುಮೋರೆ, ಅವನು ಬರುವಷ್ಟರಲ್ಲಿ ಪುಟ್ಟ ಹುಡುಗಿ ಬಾಗಿಲ ಎರಡು ಹಿಡಿಗಳಿಗೂ ಪೊರಕೆಕೋಲು ತೂರಿಸಿಬಿಡುತ್ತಾಳೆ, ಅವನು ಹೊರಗೆ ಗುದ್ದುತ್ತಾನೆ, ಒಳಗೆ ಆಟ ನಡೆಯುತ್ತದೆ, ಕೊನೆಗೆ ಟಾರಿನ ಡ್ರಮ್ಮಿನೊಳಗೆ ಬೀಳುತ್ತಾನೆ, ನಾನು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದಿದ್ದೆ, ಅಣ್ಣ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಗಂಟುಮೋರೆ ಏನು ಹೇಳುತ್ತಿದ್ದ ಅಂತ ಆಗ ಯಾರು ಕೇಳಿಸಿಕೊಂಡರು, ಅವನಿಗೆ ಬೇಕೆಂದೇ ತೊದಲು ಕೊಟ್ಟಿದ್ದರು, ಒ-ಒ-ಒಂದೇ ಬಾಗಿಲು, ಮು-ಮು-ಮುನ್ನೂರು ಜನ, ಅಷ್ಟಂದರೆ ಸಾಕು ನಾವು ಬಿದ್ದುಬಿದ್ದು ನಗುತ್ತಿದ್ದೆವು. ಮೂರು ವಾರದಿಂದ ಮಗಳು ಅಡುಗೆಮನೆ ಕಪಾಟಿನ ಹಿಡಿಗಳಿಗೆ ಕೋಲು ತೂರಿಸಿ ಅಭ್ಯಾಸ ಮಾಡುತ್ತಿದ್ದಾಳೆ, ಮೊದಲ ದಿನ ಅದನ್ನು ನೋಡಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನಿಂತುಬಿಟ್ಟೆ, ಮರದ ಗೋಡೆ, ಹುಲ್ಲು ತುಂಬಿದ ಗೊಂಬೆ, ಸೀಮೆಎಣ್ಣೆ ದೀಪ, ಇರುವುದೊಂದು ಬಾಗಿಲು, ಅದಕ್ಕೂ ಒಳಗಿನಿಂದ ಕೋಲು, ಆ ಮನುಷ್ಯ ಸರಿಯಾಗಿಯೇ ಹೇಳಿದ್ದನಲ್ಲ, ಒಂದೊಂದು ಮಾತೂ ಸರಿ, ಗುದ್ದಿದ್ದು ಅವರನ್ನು ಉಳಿಸಲಿಕ್ಕೆ, ಮೈಯೆಲ್ಲ ಉರಿದುಹೋಯಿತು, ಯಾರ ಮೇಲೆ ಅಂತ ಕೇಳಿದರೆ ಆ ಸಿನಿಮಾ ಮಾಡಿದವರ ಮೇಲೆ, ಚಪ್ಪಾಳೆ ಹೊಡೆದ ನನ್ನ ಮೇಲೆ, ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಒದ್ದದ್ದು ಸಾಲದು ಅಂತ ಟಾರಿಗೂ ಅದ್ದಿದರು. ಗಂಡನಿಗೆ ಹೇಳಿದರೆ ನಕ್ಕ, ಮಕ್ಕಳ ಆಟ ಕಣೇ, ಕಡ್ಡಿಯನ್ನ ಗುಡ್ಡ ಮಾಡ್ತೀಯ ಅಂದ. ಕಡ್ಡಿಯಲ್ಲ, ಕೋಲು. ಬೆಂಕಿ ಬಿದ್ದ ಬಟ್ಟೆ ಅಂಗಡಿಯ ಮೂರನೇ ಮಹಡಿಯ ಹಿಂಬಾಗಿಲು ಇವನು ನೋಡಿಲ್ಲ, ಆಗ ನಾನು ಕೆಲಸಕ್ಕೆ ಸೇರಿ ಆರು ತಿಂಗಳು, ಕಳ್ಳತನ ಆಗಬಾರದು ಅಂತ ಹೊರಗಿನಿಂದ ಬೀಗ, ಬೀಗದ ಕೈ ಅಲ್ಲೇ ಪಕ್ಕದ ಮೊಳೆಗೆ ನೇತಾಡುತ್ತಿತ್ತು, ತೆಗೆದದ್ದು ನಾನೇ, ಬಾಗಿಲ ಒಳಮೈಯ ಹಸಿರು ಬಣ್ಣ ಸೊಂಟದೆತ್ತರದವರೆಗೆ ಉಗುರುಗಳಲ್ಲಿ ಕೆರೆದು ಹೋಗಿತ್ತು, ಸೊಂಟದೆತ್ತರ ಅಂದರೆ — ಬೇಡ. ಮಾರನೇ ವಾರ ಊರಲ್ಲಿದ್ದ ಅಂಗಡಿಗಳಿಗೆಲ್ಲ ಹಿಂಬಾಗಿಲು ತೆರೆಯಿರಿ ಅಂತ ಆಜ್ಞೆ ಬಂತು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಇವರು ತೆಗೆದರು, ಅಷ್ಟೇ ವ್ಯತ್ಯಾಸ.

ಎದ್ದೆ, ಎಳೆಯಲು ಸೆರಗಿಲ್ಲ, ಗಂಡ ತೋಳನ್ನೇ ಹಿಡಿದೆಳೆದ, ಹತ್ತು ನಿಮಿಷ ಕಣೇ, ಈಗ ಬರ್ತಾಳೆ ಅವಳು, ಕೈ ಬಿಡಿಸಿಕೊಂಡು ಪಕ್ಕದ ಬಾಗಿಲಿಗೆ ಹೋದೆ, ಅಲ್ಲಿ ಸ್ಟೂಲ್ ಹಾಕಿ ಕೂತ ಕಾವಲುಗಾರ ಬೀಗದ ಕೈ ಆಫೀಸಲ್ಲಿದೆ ಮೇಡಂ ಅಂದ, ಆಫೀಸಿನ ಗುಮಾಸ್ತ ಟೀಗೆ ಹೋಗಿದ್ದಾನಂತೆ, ಬಗ್ಗಿ ಬಗ್ಗಿ ಮೊದಲ ಸಾಲಿಗೆ ಹೋದೆ, ಹೆಡ್‌ಮಿಸ್ ಮುಖ್ಯ ಅತಿಥಿಯ ಕಡೆಗಿದ್ದ ನಗುವನ್ನು ಹಾಗೇ ನನ್ನ ಕಡೆ ತಿರುಗಿಸಿ ಪಿಸುಗುಟ್ಟಿದರು, ಹನ್ನೆರಡು ವರ್ಷದಿಂದ ಹೀಗೇ ಮಾಡ್ತಿದೀವಿ, ಏನೂ ಆಗಿಲ್ಲ. ಏನೂ ಆಗಿಲ್ಲ, ಈ ಮಾತಿಗೆ ಬೆಂಕಿ ಹಾಕಬೇಕು, ಆ ಬಟ್ಟೆ ಅಂಗಡಿಯಲ್ಲೂ ಹಿಂದಿನ ದಿನದವರೆಗೆ ಏನೂ ಆಗಿರಲಿಲ್ಲ, ನಾನು ಸರಿಯಾಗಿ ಕೆಲಸ ಮಾಡಿದ ದಿನವೂ ಏನೂ ಆಗುವುದಿಲ್ಲ, ಏನೂ ಆಗಲಿಲ್ಲ ಅಂತ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ಹೊಡೆಯಬೇಡಿ, ಬಾಗಿಲು ತೆಗೆಯಿರಿ ಸಾಕು. ನಿಮ್ಮ ಮಗಳದೇ ದೃಶ್ಯ ಅಲ್ವಾ ಈಗ, ಅವಳಿಗೋಸ್ಕರನಾದ್ರೂ ಕೂತ್ಕೊಳ್ಳಿ ಅಂದರು ಹೆಡ್‌ಮಿಸ್. ಅವಳಿಗೋಸ್ಕರವೇ, ಅಂದುಕೊಂಡು ವೇದಿಕೆಯ ಮೆಟ್ಟಿಲು ಹತ್ತಿದೆ, ನಾಲ್ಕೇ ಮೆಟ್ಟಿಲು, ಬೆಳಕು ಕಣ್ಣಿಗೆ ಹೊಡೆಯಿತು, ವೇದಿಕೆಯ ನಡುವೆ ರಟ್ಟಿನ ಬಾಗಿಲು ನಿಲ್ಲಿಸಿದ್ದಾರೆ, ಆ ಕಡೆ ಗೊಂಬೆಮನೆಯ ಮಕ್ಕಳು, ಈ ಕಡೆ ಅಂಟಿಸಿದ ಮೀಸೆಯ ಹುಡುಗ ಖಾಕಿಯಲ್ಲಿ, ಅವನ ಪಕ್ಕ ಖಾಕಿಯಲ್ಲಿ ನಾನು, ಹುಡುಗ ಮಾತು ಮರೆತು ಬಾಯಿ ಬಿಟ್ಟು ನೋಡುತ್ತಿದ್ದಾನೆ, ಅವನ ಮುಂದಿನ ಮೈಕಿಗೆ ಬಾಗಿದೆ, ಹೆದರಿಸಬಾರದು, ನುಗ್ಗಾಟ ಆಗಬಾರದು, ನಿಧಾನವಾಗಿ, ಸಾಲಾಗಿ ಹಿಂದಿನ ಬಾಗಿಲಿಂದ, ಎಲ್ಲ ಗೊತ್ತು, ಇನ್ನೂರು ಸಲ ಬೇರೆಯವರಿಗೆ ಕಲಿಸಿದ್ದೇನೆ, ಬಾಯಿ ತೆರೆದರೆ ಬಂದದ್ದು ಒ-ಒಂದೇ ಬಾಗಿಲಿದೆ, ನಾ-ನಾ-ನಾನೂರು ಜನ ಇದ್ದೀರಿ.

ಸಭಾಂಗಣ ಬಿದ್ದುಬಿದ್ದು ನಕ್ಕಿತು. ನಾಟಕದ್ದೇ ಅಂದುಕೊಂಡರು, ಇಬ್ಬರು ಗಂಟುಮೋರೆ, ಎಂಥಾ ಉಪಾಯ, ಮಕ್ಕಳು ಕುರ್ಚಿ ಹತ್ತಿದರು, ಕಾಲು ಬಡಿಯುತ್ತಿದ್ದಾರೆ, ಕೋಲು ಹಾಕು ಕೋಲು ಹಾಕು ಅಂತ ತಾಳಕ್ಕೆ ಕೂಗುತ್ತಿದ್ದಾರೆ, ಇದು ನಾಟಕ ಅಲ್ಲ ಅಂದೆ, ಅದಕ್ಕೂ ನಕ್ಕರು, ಮುಖ್ಯ ಅತಿಥಿಯೂ ಚಪ್ಪಾಳೆ, ಗಂಡ ಫೋನ್ ಕೆಳಗಿಳಿಸಿದ್ದಾನೆ, ಅವನೊಬ್ಬನಿಗೇ ಅರ್ಥವಾಗಿದೆ, ಅವನೊಬ್ಬನಿಗೇ ಅಲ್ಲ — ರಟ್ಟಿನ ಬಾಗಿಲ ಸಂದಿಯಲ್ಲಿ ಎರಡು ಕಣ್ಣು, ನನ್ನ ಕಣ್ಣೇ ಅವು, ಅತ್ತೆ ಯಾವಾಗಲೂ ಹೇಳುತ್ತಾರೆ, ಮುಖ ಅಪ್ಪಂದು ಕಣ್ಣು ಅಮ್ಮಂದು ಅಂತ, ಅವಳಿಗೆ ಗೊತ್ತು ನನಗೆ ತೊದಲು ಯಾವಾಗ ಬರುತ್ತದೆ ಅಂತ, ಆ ಬಟ್ಟೆ ಅಂಗಡಿಯ ಕನಸು ಬಿದ್ದು ನಾನು ಎದ್ದು ಕೂತಾಗಲೆಲ್ಲ ನೀರು ತಂದುಕೊಡುವವಳು ಅವಳೇ. ಪುಟ್ಟಿ, ಹಾಕಬೇಡ, ಮೈಕಿಲ್ಲದೆ ಅಂದೆ, ಕೇಳಿಸಿತೋ ಇಲ್ಲವೋ, ನಾನೂರು ಜನ ಕೂಗುತ್ತಿದ್ದಾರೆ ಅವಳಿಗೆ, ಜೀವನದಲ್ಲಿ ಮೊದಲ ಸಲ ಇಷ್ಟೊಂದು ಜನ ಅವಳಿಗೇ, ಎಂಟು ವರ್ಷದ ಮಗು, ನಾನಾಗಿದ್ದರೆ ಹಾಕಿಬಿಡುತ್ತಿದ್ದೆ, ಹಾಕುತ್ತಿದ್ದೆ, ನಗುತ್ತಾ ಹಾಕುತ್ತಿದ್ದೆ — ಕೋಲು ಒಂದು ಹಿಡಿಯೊಳಗೆ ಹೋಗಿದೆ, ಇನ್ನೊಂದು ಹಿಡಿಗೆ ಒಂದು ಗೇಣು, ಅವಳ ಬೆರಳು ಬಿಗಿದು ಬಿಳಿಯಾಗಿವೆ, ಕಣ್ಣು ನನ್ನ ಮೇಲಿದೆ, ಹಾಕು ಹಾಕು, ಒಂದು ಗೇಣು, ಬೆರಳು, ಕೋಲು, ಇನ್ನೂ ಒಂದು ಗೇಣು