ಒದರಿದ ಯೂನಿಫಾರ್ಮ್

ಸಿಟಿ ನೋಡಲು ಸಿಂಗಪುರಕ್ಕೆ ಬಂದ ಅನುಸೂಯಾ ಅವರಿಗೆ ಮೂರನೇ ವಾರದಲ್ಲೇ ಸಿ.ಟಿ. ಮಾಡಿಸಿಕೊಳ್ಳುವ ಯೋಗ ಕೂಡಿ ಬಂತು. ಸೆರಂಗೂನ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಎದೆಯಿಂದ ಒಂದು ಲೀಟರ್ ನೀರು ತೆಗೆದು ಪರೀಕ್ಷಿಸಿದರು. ಅದು ಏನನ್ನೂ ಬಾಯಿಬಿಡಲಿಲ್ಲ. ಆಮೇಲೆ ಸ್ಕ್ಯಾನ್.

ಅಂದಿನಿಂದ ಮಗ ವಿನೋದ್, ಟಿಬಿಯೇ ಆಗಿರಲಪ್ಪ ಎಂದು ದೇವರಲ್ಲಿ ಬೇಡುತ್ತಿದ್ದ. ಒನ್-ನಾರ್ತ್‌ನ ಆಫೀಸಿನ ಹನ್ನೊಂದನೇ ಮಹಡಿಯಲ್ಲಿ ಕೂತು ಹೆತ್ತ ತಾಯಿಗೆ ಕ್ಷಯ ಕೋರಿದ ಏಕೈಕ ಸುಪುತ್ರ ಅವನೇ ಇರಬೇಕು. ಗೂಗಲ್ ಅವನ ಮುಂದಿಟ್ಟದ್ದು ಎರಡೇ: ಆರು ತಿಂಗಳ ಮಾತ್ರೆಗೆ ಹೋಗುವ ಟಿಬಿ, ಇಲ್ಲವೇ ಆಸ್ಬೆಸ್ಟಾಸ್ ಪುಡಿಯಿಂದ ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್.

ಡಾಕ್ಟರ್ ಕೋ ಪರದೆಯನ್ನು ಇವರತ್ತ ತಿರುಗಿಸಿದರು. ಎಡ ಶ್ವಾಸಕೋಶದ ಸುತ್ತ, ಹಾಲು ಕಾಸಿದ ಪಾತ್ರೆಗೆ ಹಿಡಿದ ಕೆನೆಯಂತೆ, ಗಂಟುಗಂಟಾದ ಪದರ. ಡಾಕ್ಟರ ಎರಡು ನಿಮಿಷದ ಇಂಗ್ಲಿಷ್ ವಿನೋದನ ಬಾಯಲ್ಲಿ ಮೂರು ಪದದ ಕನ್ನಡವಾಯಿತು.

“ಸ್ವಲ್ಪ ದಪ್ಪ ಆಗಿದ್ಯಂತೆ.”

“ನಾನಾ?”

“ಅಲ್ಲಮ್ಮ, ಲಂಗ್ಸ್ ಮೇಲಿನ ಲೇಯರ್.”

ಡಾಕ್ಟರ್ ಇನ್ನೇನೋ ಕೇಳಿದರು. ವಿನೋದ್ ಅಮ್ಮನತ್ತ ತಿರುಗದೆಯೇ, “ನೋ, ನೋ. ಹೌಸ್‌ವೈಫ್. ನೆವರ್ ವರ್ಕ್ಡ್” ಎಂದ. ಹಾಗಾದರೆ ಮೊದಲು ಟಿಬಿ ಮಾತ್ರೆ ಕೊಟ್ಟು, ಎರಡು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡೋಣ ಎನ್ನುತ್ತ ಡಾಕ್ಟರ್ ಟೈಪ್ ಮಾಡತೊಡಗಿದರು. ವಾರದಲ್ಲಿ ಮೊದಲ ಸಲ ವಿನೋದನ ಮುಖಕ್ಕೆ ಗೆಲುವು ಬಂತು.

“ಏನೋ ಕೇಳಿದ್ದು ಅವ್ರು?”

“ಆಸ್ಬೆಸ್ಟಾಸ್ ಪುಡಿ ಇರೋ ಕಡೆ ಕೆಲ್ಸ ಮಾಡಿದ್ರಾ ಅಂತ. ನೀನೆಲ್ಲಿ ಕೆಲ್ಸ ಮಾಡಿದ್ದೆ, ಬಿಡು.”

“ನಿಮ್ಮಪ್ಪ ಎಲ್ಲಿದ್ರೋ?”

“ಅಪ್ಪ ಶೀಟ್ ಫ್ಯಾಕ್ಟರೀಲಿ. ಅವ್ರು ಕೇಳಿದ್ದು ನಿನ್ ಬಗ್ಗೆ.”

“ಅವರ ಯೂನಿಫಾರ್ಮ್ ಯಾರು ಒಗೀತಿದ್ದಿದ್ದು? ನಿನ್ ಹೆಂಡ್ತಿನಾ?”

ವಿನೋದ್ ದನಿ ತಗ್ಗಿಸಿದ. “ಅಮ್ಮ, ಪ್ಲೀಸ್. ಟಿಬಿ ಅಂತ ಬರೀತಿದ್ದಾರೆ. ಬರೀಲಿ ಬಿಡು.”

“ಬರೆದ್ರೆ ಟಿಬಿ ಆಗ್ಬಿಡತ್ತೇನೋ?”

ಅನುಸೂಯಾ ಮೇಜಿನತ್ತ ಬಾಗಿದರು. “ಡಾಕ್ಟರ್, ಹಸ್ಬೆಂಡ್ ಆಸ್ಬೆಸ್ಟಾಸ್ ಫ್ಯಾಕ್ಟರಿ. ಐ ವಾಶ್. ಟ್ವೆಂಟಿ ಟೂ ಇಯರ್ಸ್.” ಅಷ್ಟು ಇಂಗ್ಲಿಷ್ ಸಾಲದೆನಿಸಿ ಎದ್ದು ನಿಂತರು. ಇಲ್ಲದ ಖಾಕಿ ಅಂಗಿಯ ಎರಡು ಹೆಗಲು ಹಿಡಿದು ಮುಖದ ಮುಂದೆ ಜೋರಾಗಿ ಒದರಿ ತೋರಿಸಿದರು. ಕೆಮ್ಮನ್ನು ನಟಿಸಬೇಕಾಗಿ ಬರಲಿಲ್ಲ.

ಡಾಕ್ಟರ್ ಟೈಪ್ ಮಾಡಿದ್ದನ್ನು ಅಳಿಸಿದರು. ಚಿತ್ರವೊಂದೇ ಸಾಲದು, ಗುರುವಾರವೇ ಸೂಜಿ ಹಾಕಿ ಆ ಪದರದ ಚೂರು ತೆಗೆದು ನೋಡಬೇಕು ಎಂದರು. ಈ ಸಲ ವಿನೋದ್ ಒಂದು ಪದವನ್ನೂ ನುಂಗದೆ ಕನ್ನಡದಲ್ಲಿ ಹೇಳಿದ. ಆಮೇಲೆ ಡಾಕ್ಟರ್ ಅವನನ್ನೇ ನೋಡುತ್ತ, ತಾವೂ ಒದರುವ ಸನ್ನೆ ಮಾಡಿ, ಅಮ್ಮ ಬಟ್ಟೆ ಒದರುವಾಗ ನೀವೆಲ್ಲಿರುತ್ತಿದ್ದಿರಿ ಎಂದು ಕೇಳಿದರು.

ವಿನೋದ್ ಬಾಯಿ ತೆರೆಯುವಷ್ಟರಲ್ಲಿ ಮಗನ ಪರವಾಗಿ ಅಮ್ಮನೇ ಉತ್ತರ ಕೊಟ್ಟರು.

“ಸ್ಮಾಲ್ ಬಾಯ್, ಡಾಕ್ಟರ್. ಮೈ ಸೈಡ್ ಓನ್ಲಿ. ಪೌಡರ್ ಫ್ಲೈ, ಹೀ ಕ್ಯಾಚ್.”